ನೂರು ವೋಲ್ಟಿನ ಕೋಣೆ

ಆ ಮನೆಯ ಹಿಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಗೋಡೆಗೆ ಸಿಕ್ಕಿಸಿ ನೀವು ಎಷ್ಟು ಹೊತ್ತು ಕಾದರೂ ಅದು ಮಲಗಿದ ಬೆಕ್ಕಿನ ಹೊಟ್ಟೆಯಷ್ಟು ಬೆಚ್ಚಗಾದೀತೇ ಹೊರತು ಅಂಗಿಯ ಒಂದು ಸುಕ್ಕೂ ಹೋಗುವುದಿಲ್ಲ. ಬಲ್ಬು ಹಾಕಿದರೆ ಆರಲು ಹೊರಟ ಕೆಂಡದ ಹಾಗೆ ಕೆಂಪಗೆ ಮಿಣುಕುತ್ತದೆ. ಮಿಕ್ಸರ್ ಹಾಕಿದರೆ ನರಳುತ್ತದೆ. ಬಂದ ನೆಂಟರು ಗಾಬರಿಯಾಗಿ, “ನಿಮ್ಮನೆ ಕರೆಂಟಿಗೆ ಹುಷಾರಿಲ್ವಾ?” ಎಂದು ಕೇಳುವುದುಂಟು. ಮನೆಯವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಕರೆಂಟಿಗೆ ಏನೂ ಆಗಿಲ್ಲ. ಬೀದಿಗೆಲ್ಲ ಇನ್ನೂರ ಮೂವತ್ತು ವೋಲ್ಟು ಬರುತ್ತದೆ, ಆ ಕೋಣೆಗೆ ಮಾತ್ರ ನೂರು. ಹಾಗೆ ಮಾಡಿದವನು ಮನೆಯ ಯಜಮಾನ, ಬೇಕೆಂದೇ ಮಾಡಿದ್ದು.

ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇದ್ದೇ ಇದೆ. ಆದರೆ ಆ ಹೆಸರು ಹಿಡಿದು ಕರೆದರೆ ಅವನೇ ಹಿಂದೆ ತಿರುಗಿ ಬೇರೆ ಯಾರನ್ನೋ ಹುಡುಕುತ್ತಾನೆ. ಬೀದಿಗೆಲ್ಲ ಅವನು ನೂರಪ್ಪ. ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಸೈಕಲ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವನು ಹೊರಗೇ ನಿಲ್ಲಬೇಕಾದಷ್ಟು ಇಕ್ಕಟ್ಟಿನ ಅಂಗಡಿ. ಫ್ಯಾನು, ಪಂಪು, ಗಿರಣಿಯ ಮೋಟಾರು, ಎಲ್ಲವೂ ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ಮಲಗಿರುತ್ತವೆ. ನೂರಪ್ಪ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ತುಟಿ ಬಿಗಿಹಿಡಿದು, ಮನಸ್ಸಿನಲ್ಲೇ ಸುತ್ತು ಎಣಿಸುತ್ತ ಕೂತಿರುತ್ತಾನೆ. ಆಗ ಮಾತಾಡಿಸಬಾರದು. ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ಎಣಿಕೆ ತಪ್ಪಿದರೆ ಸುತ್ತಿದ್ದನ್ನೆಲ್ಲ ಬಿಚ್ಚುತ್ತಾನೆ, ಬಿಚ್ಚುವಾಗ ನಿಮ್ಮನ್ನು ನೋಡುವ ನೋಟವಿದೆಯಲ್ಲ, ಅದನ್ನು ಒಂದು ಸಲ ಕಂಡವರು ಎರಡನೇ ಸಲ ಬಾಯಿ ಬಿಟ್ಟಿದ್ದಿಲ್ಲ.

ಆ ಕೋಣೆ ಇರುವುದು ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳಿಗಾಗಿ. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಗೋಡೆಯಲ್ಲಿ ನೂರೇ ವೋಲ್ಟು ಬರುವ ದೇಶದಲ್ಲಿ. ಅವನ್ನು ತಂದು ನಮ್ಮ ಗೋಡೆಗೆ ಸೀದಾ ಸಿಕ್ಕಿಸಿದರೆ ಟಪ್ ಎಂದು ಸುಟ್ಟುಹೋಗುತ್ತವೆ. ಅದಕ್ಕೇ ಎಲ್ಲರೂ ಗೋಡೆಗೂ ಪೆಟ್ಟಿಗೆಗೂ ನಡುವೆ ವೋಲ್ಟು ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದನ್ನು ಇಡುತ್ತಾರೆ. ನೂರಪ್ಪನೂ ಮೊದಮೊದಲು ಹಾಗೇ ಮಾಡುತ್ತಿದ್ದ. ಪೆಟ್ಟಿಗೆಗಳು ಹೆಚ್ಚಾದಂತೆ ನೆಲದ ತುಂಬ ಟ್ರಾನ್ಸ್‌ಫಾರ್ಮರುಗಳು, ವೈರುಗಳು. ಅವನ ಅಮ್ಮ ಎಡವಿ ಬೀಳುವುದೊಂದು ಬಾಕಿ. ಒಂದು ಬೇಸಿಗೆಯಲ್ಲಿ ಅವನಿಗೆ ತಲೆ ಕೆಟ್ಟಿತು. ಟ್ರಂಕಿನಷ್ಟು ದೊಡ್ಡ ಟ್ರಾನ್ಸ್‌ಫಾರ್ಮರನ್ನು ತಾನೇ ಸುತ್ತಿ, ಮೆಟ್ಟಿಲ ಕೆಳಗೆ ಬೋಲ್ಟು ಹಾಕಿ ಕೂರಿಸಿ, ಇಡೀ ಹಿಂದಿನ ಕೋಣೆಗೆ ನೂರು ವೋಲ್ಟಿನ ವೈರು ಎಳೆದುಬಿಟ್ಟ. ಅಂದಿನಿಂದ ಆ ಕೋಣೆಯಲ್ಲಿ ನಡುವೆ ಏನೂ ಬೇಡ. ಪೆಟ್ಟಿಗೆಯ ಪ್ಲಗ್ಗನ್ನು ಸೀದಾ ಗೋಡೆಗೆ ಚುಚ್ಚಿದರಾಯಿತು.

“ಹೊರದೇಶಕ್ಕೆ ಹೋಗಿ ಚಾಪೆ ತಗೊಂಡ್ ಬಾ,” ಎನ್ನುತ್ತಾಳೆ ಅವನ ಹೆಂಡತಿ. ಮನೆಯಲ್ಲಿ ಆ ಕೋಣೆಗೆ ಹೊರದೇಶ ಎಂದೇ ಹೆಸರು. ಅವಳು ಕಿಟಕಿ ಪರದೆ ಹೊಲಿಯುವವಳು, ತುಳಿಯುವ ಮಷೀನು, ಕರೆಂಟಿನ ಹಂಗಿಲ್ಲ. ಅಮ್ಮನಿಗೋ ಆ ಕೋಣೆ ಎಂದರೆ ಪ್ರಾಣ. ಅಲ್ಲಿ ಫ್ಯಾನು ಎಷ್ಟು ನಿಧಾನವಾಗಿ ತಿರುಗುತ್ತದೆಂದರೆ ಅದರ ರೆಕ್ಕೆಗಳನ್ನು ಎಣಿಸಬಹುದು. “ಬೇರೆ ಮನೆ ಫ್ಯಾನು ಮೈ ಮೇಲೆ ಬೀಳೋಕೆ ಬರತ್ತೆ, ಇದು ಮರ್ಯಾದೆಯಿಂದ ಗಾಳಿ ಹಾಕತ್ತೆ,” ಎಂದು ಮಧ್ಯಾಹ್ನ ಅಲ್ಲೇ ಅಡ್ಡಾಗುತ್ತಾಳೆ. ನೂರಪ್ಪ ಹೇಳುತ್ತಲೇ ಇರುತ್ತಾನೆ, ಫ್ಯಾನಿನ ಮೋಟಾರಿಗೆ ಅದು ಒಳ್ಳೆಯದಲ್ಲ ಎಂದು. ಅಮ್ಮ ಕಿವಿ ಮೇಲೆ ಹಾಕಿಕೊಂಡರೆ ತಾನೇ.

ಈ ಮನುಷ್ಯನಿಗೆ ಒಂದು ಹಟವಿತ್ತು. ಕರೆಂಟು ಬೇಕಾದರೆ ಬದಲಾಗಲಿ, ಪೆಟ್ಟಿಗೆ ಬದಲಾಗಬಾರದು. ಯಾರೋ ಒಬ್ಬರು ಒಮ್ಮೆ ಹೊರದೇಶದ ಟೇಪ್ ರೆಕಾರ್ಡರ್ ತಂದು, “ಇದರ ಒಳಗಿನ ಟ್ರಾನ್ಸ್‌ಫಾರ್ಮರ್ ಕಿತ್ತು ನಮ್ಮ ಕರೆಂಟಿಗೆ ಸರಿಯಾದ್ದು ಹಾಕಿಕೊಡಿ,” ಎಂದರು. ಕೆಲಸಗಾರನಿಗೆ ಅದು ಕಷ್ಟದ ಕೆಲಸವೂ ಅಲ್ಲ. ನೂರಪ್ಪ ಅದನ್ನು ಅವರ ಕೈಗೇ ವಾಪಸ್ಸಿಟ್ಟ. “ಅದನ್ನ ಮಾಡಿದವರು ಯೋಚನೆ ಮಾಡಿ ಮಾಡಿರ್ತಾರೆ. ನಮ್ಮ ಗೋಡೆ ಸರಿಯಿಲ್ಲ ಅಂತ ಅದರ ಹೊಟ್ಟೆ ಕೊಯ್ಯೋದಾ? ನಡುವೆ ಇಡೋಕೆ ಒಂದು ಸುತ್ತಿಕೊಡ್ತೀನಿ, ಬೇಕಾದ್ರೆ ತಗೊಳ್ಳಿ.” ಬಂದವರು ಮೂಗು ಮುರಿದು ಹೋದರು. ಇವನು ಸಂಜೆಯವರೆಗೂ ಗೊಣಗುತ್ತಿದ್ದ.

ಈ ಹಟದ ಬೇರು ಇರುವುದು ಅವನ ಅಣ್ಣನಲ್ಲಿ. ಅಣ್ಣ ಹಡಗಿನಲ್ಲಿ ಅಡುಗೆಯವನಾಗಿದ್ದ. ಒಂದು ಸಲ ರಜೆಗೆ ಬರುವಾಗ ಯಾವುದೋ ಬಂದರಿನಿಂದ ಕಪ್ಪು ಬಣ್ಣದ ಗೇಮ್ ಪೆಟ್ಟಿಗೆಯೊಂದನ್ನು ಮಡಿಸಿದ ಅಂಗಿಗಳ ನಡುವೆ ಸುತ್ತಿಕೊಂಡು ತಂದ. ನೂರಪ್ಪ ಆಗಿನ್ನೂ ಶಾಲೆ ಮುಗಿಸುತ್ತಿದ್ದವನು. ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಅಣ್ಣ ಪ್ಲಗ್ಗು ಸಿಕ್ಕಿಸಿದ, ಗುಂಡಿ ಒತ್ತಿದ, ಟಪ್ ಎಂದಿತು. ಅಣ್ಣ ತಲೆ ಮೇಲೆ ಕೈ ಹೊತ್ತುಕೊಂಡು ಒಂದು ಕ್ಷಣ ಕೂತಿದ್ದು, ಆಮೇಲೆ ಗಹಗಹಿಸಿ ನಕ್ಕುಬಿಟ್ಟ. “ನೋಡೋ, ಇಷ್ಟು ಸಮುದ್ರ ದಾಟಿ ಬಂತು, ನಮ್ಮನೆ ಗೋಡೆ ದಾಟೋಕೆ ಆಗಲಿಲ್ಲ.” ಪುಣ್ಯಕ್ಕೆ ಹೋಗಿದ್ದು ಫ್ಯೂಸೊಂದೇ. ಮೋಟಾರು ಸುತ್ತುವ ಅಂಗಡಿಯ ಮುದುಕ ಅದನ್ನು ಸರಿಮಾಡಿ, ನಡುವೆ ಇಡಲು ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟ. ಅವನು ಸುತ್ತುವುದನ್ನು ನೋಡುತ್ತ ಕೂತ ನೂರಪ್ಪ ಊಟಕ್ಕೆ ಕರೆದರೂ ಏಳಲಿಲ್ಲ. ಶಾಲೆ ಮುಗಿದ ಮೇಲೆ ಅದೇ ಅಂಗಡಿ ಸೇರಿದ, ಮುದುಕನ ಕಾಲಾನಂತರ ಅಂಗಡಿ ಇವನದಾಯಿತು.

ಆ ಪೆಟ್ಟಿಗೆಯಲ್ಲಿ ಅಣ್ಣತಮ್ಮಂದಿರು ಆಡುತ್ತಿದ್ದುದು ಒಂದೇ ಆಟ, ಕಾರಿನ ಪಂದ್ಯ. ಪರದೆ ಎರಡು ಪಾಲು, ಮೇಲಿನ ಪಾಲಿನಲ್ಲಿ ಅಣ್ಣನ ಕಾರು, ಕೆಳಗೆ ತಮ್ಮನದು. ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದರೆ ಕಾರು ಓಡುತ್ತದೆ, ಎಡಗೈ ಹೆಬ್ಬೆರಳಿನಿಂದ ತಿರುಗಿಸಬೇಕು. ಅಷ್ಟೇ ಆಟ. ಅಣ್ಣ ಗೆಲ್ಲುತ್ತಿದ್ದ. ತಮ್ಮ ಚಿಕ್ಕವನು, ಪಾಪ, ಒಂದು ಸಲ ಬಿಟ್ಟುಕೊಡೋಣ ಎಂಬ ದಾಕ್ಷಿಣ್ಯ ಅವನಿಗೆ ಒಂದು ದಿನವೂ ಬರಲಿಲ್ಲ. ಹಡಗಿನ ಕೆಲಸ ಬಿಟ್ಟು ಬಂದಾಗ ಪೆಟ್ಟಿಗೆಯನ್ನು ತಮ್ಮನಿಗೇ ಕೊಟ್ಟ. ತಾನು ಒಂದು ದೊಡ್ಡ ಕಾರ್ಖಾನೆಯ ಅಡುಗೆಮನೆ ಸೇರಿಕೊಂಡ, ನಾಲ್ಕು ಬೀದಿಯಾಚೆ ಮೂರನೇ ಮಹಡಿಯಲ್ಲಿ ಮನೆ ಮಾಡಿದ. ರಜೆ ಸಿಕ್ಕ ದಿನ ಬೆಳಿಗ್ಗೆಯೇ ಹೊರದೇಶಕ್ಕೆ ಹಾಜರಾಗುತ್ತಿದ್ದ. ಇಬ್ಬರ ತಲೆಯೂ ನರೆಯಿತು. ಪಂದ್ಯ ನಿಲ್ಲಲಿಲ್ಲ.

ಹೀಗಿರುವಾಗ ಅಣ್ಣನಿಗೆ ಲಕ್ವ ಹೊಡೆಯಿತು. ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವನು ಹಾಗೇ ಕುಸಿದ. ಜೀವ ಉಳಿಯಿತು, ಮಾತು ಉಳಿಯಿತು, ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುವಷ್ಟಾದ. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಮಾತ್ರ ಏಳಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ನೂರಪ್ಪನನ್ನು ಬಾಗಿಲ ಹೊರಗೆ ಕರೆದು ಹೇಳಿದಳು. “ಬೆರಳಲ್ಲಿ ಜೀವ ಇದೆ. ಆದ್ರೆ ಈಗ ಉಪಯೋಗಿಸದೇ ಹೋದ್ರೆ ಆ ಕೈ ಮರೆತುಬಿಡತ್ತೆ. ಆಮೇಲೆ ನಾವು ಜಪ್ಪಯ್ಯ ಅಂದ್ರೂ ಬರಲ್ಲ. ಇವರು ನನ್ನ ಮಾತು ಕೇಳ್ತಿಲ್ಲ. ಏನಾದ್ರೂ ಮಾಡಿ ಆ ಕೈಗೆ ಕೆಲಸ ಕೊಡಿ.”

ಅಣ್ಣ ಕೆಲಸಕ್ಕೆಲ್ಲ ಬೆನ್ನು ಹಾಕಿ ಕೂತಿದ್ದ. ಒತ್ತಲು ಕೊಟ್ಟ ರಬ್ಬರ್ ಚೆಂಡನ್ನು ಎಡಗೈಯಲ್ಲಿ ತೆಗೆದು ಮಂಚದ ಕೆಳಗೆ ಎಸೆಯುತ್ತಿದ್ದ. ಅತ್ತಿಗೆ ಬಗ್ಗಿ ಎತ್ತಿ ಕೊಟ್ಟರೆ ಮತ್ತೆ ಎಸೆಯುತ್ತಿದ್ದ. “ಹೊರದೇಶಕ್ಕೆ ಬಾ, ಒಂದು ಆಟ ಆಡೋಣ,” ಎಂದು ನೂರಪ್ಪ ಕರೆದ. “ಈ ಮೂತಿ ಹೊತ್ಕೊಂಡು ಮೂರು ಮಹಡಿ ಇಳಿದು, ನಾಲ್ಕು ಬೀದಿ ನಡೀಬೇಕಾ? ಎಲ್ಲರೂ ನೋಡಿ ಅಯ್ಯೋ ಅನ್ಲಿ ಅಂತಲಾ?” ಎಂದು ಗೋಡೆ ಕಡೆ ತಿರುಗಿದ. ಒಂದು ಕಾಲಕ್ಕೆ ನೂರಾರು ಜನರಿಗೆ ಬಡಿಸಿ, ಎಲ್ಲರ ಕಾಲೆಳೆದು ನಗಿಸುತ್ತಿದ್ದ ಮನುಷ್ಯ. ನೂರಪ್ಪನಿಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಬರಲೂ ಆಗಲಿಲ್ಲ. ಚೆಂಡನ್ನು ಕೈಯಲ್ಲಿ ತಿರುಗಿಸುತ್ತ ಸುಮ್ಮನೆ ಕೂತಿದ್ದ.

ನೂರಪ್ಪನ ಹೆಂಡತಿಗೆ ಮೊದಲಿಂದಲೂ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಭಾವ ಬರದಿದ್ದರೆ ಪೆಟ್ಟಿಗೆಯೇ ಹೋಗಲಿ ಎಂದು ತೀರ್ಮಾನಿಸಿದಳು. ಗಂಡನಿಗೆ ಹೇಳಿದರೆ ಅವನು ಯೋಚನೆ ಮಾಡುತ್ತ ಮಳೆಗಾಲ ಕಳೆಯುತ್ತಾನೆ ಎಂಬುದು ಅವಳಿಗೆ ಗೊತ್ತು. ಅವನು ಅಂಗಡಿಗೆ ಹೋದ ಮೇಲೆ ಕಪ್ಪು ಪೆಟ್ಟಿಗೆಯನ್ನು ಪರದೆ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು, ಮೂರು ಮಹಡಿ ಹತ್ತಿದಳು. ಆಮೇಲೆ ನಡೆದದ್ದನ್ನು ಅತ್ತಿಗೆ ಎಷ್ಟೋ ಸಲ ಹೇಳಿದ್ದಾಳೆ. ಟಿವಿಗೆ ಜೋಡಿಸುವುದನ್ನು ಅಣ್ಣ ಓರೆಗಣ್ಣಿನಿಂದ ನೋಡುತ್ತಲೇ ಇದ್ದ. ಗುಂಡಿಗಳಿರುವ ಆಟದ ಹಿಡಿಯನ್ನು ಮಡಿಲಲ್ಲಿಟ್ಟರೆ ಎಸೆಯಲಿಲ್ಲ. ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಮಗುವನ್ನು ಕೂರಿಸಿದ ಹಾಗೆ ಅದರ ಮೇಲೆ ಕೂರಿಸಿದ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟ. ಇಷ್ಟು ದಿನದಲ್ಲಿ ಅವನಾಗಿಯೇ ಆ ಕೈ ಮುಟ್ಟಿಕೊಂಡದ್ದು ಅದೇ ಮೊದಲು. “ಹಾಕಮ್ಮ,” ಎಂದ.

ಇವಳು ಪ್ಲಗ್ಗನ್ನು ಸೀದಾ ಗೋಡೆಗೆ ಚುಚ್ಚಿದಳು.

ಬೇರೆ ಯಾವ ಮನೆಯ ಹೆಂಗಸಾಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಬೇರೆ ಮನೆಯಲ್ಲಿ ನಡುವೆ ಇಡುವ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು, ಅದನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಇವಳ ಕೈ ಆ ಪ್ಲಗ್ಗನ್ನು ಗೋಡೆಗೇ ಚುಚ್ಚಿದೆ. ನೂರು, ಇನ್ನೂರ ಮೂವತ್ತು ಎಂದು ಬಂದ ನೆಂಟರಿಗೆಲ್ಲ ಪಾಠ ಹೇಳುವವಳೇ ಅವಳು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಟಪ್ ಎಂದಿತು. ಪೆಟ್ಟಿಗೆಯ ಸಂದಿಯಿಂದ ಸಣ್ಣಗೆ ಹೊಗೆ ಎದ್ದಿತು. ಅಣ್ಣ ಈ ಸಲ ನಗಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಪಕ್ಕಕ್ಕಿಟ್ಟ. “ಅದೂ ಹೋಯ್ತು ನನ್ನ ಹಾಗೇ,” ಎಂದು ಮಲಗಿದ. ಆ ದಿನ ಊಟ ಮಾಡಲಿಲ್ಲ. ಮರುದಿನ ಫಿಸಿಯೋ ಮೇಡಂ ಬಂದರೆ ಕಣ್ಣು ಬಿಡಲಿಲ್ಲ.

ಪೆಟ್ಟಿಗೆ ಸುಟ್ಟ ದಿನ ಸಂಜೆ ನೂರಪ್ಪ ಅಂಗಡಿಯಿಂದ ಮನೆಗೆ ಬಂದಾಗ ಅದು ಮೇಜಿನ ಮೇಲಿತ್ತು, ಹೆಂಡತಿ ಅದರ ಮುಂದೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಅವಳು ಹೇಳಿದ್ದನ್ನೆಲ್ಲ ಅವನು ನಿಂತುಕೊಂಡೇ ಕೇಳಿದ. ಚಪ್ಪಲಿ ಬಿಡಲೂ ನೆನಪಾಗಲಿಲ್ಲ. ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದ, ಕಿಮಕ್ಕೆನ್ನದೆ ಕೆಳಗಿಟ್ಟ.

“ಬೈದುಬಿಡಿ ರೀ,” ಎಂದಳು ಹೆಂಡತಿ. “ನೀವು ಸುಮ್ಮನಿದ್ರೆ ನಂಗೆ ಹೆದರಿಕೆ ಆಗತ್ತೆ.”

“ಬೈಯೋಕೆ ಏನಿದೆ. ತಪ್ಪು ನಂದು.”

“ನಿಮ್ಮದು ಹೇಗಾಗತ್ತೆ? ಚುಚ್ಚಿದ್ದು ನಾನು.”

“ಚುಚ್ಚೋಕೆ ಆಗೋ ಹಾಗೆ ಮಾಡಿಟ್ಟವನು ನಾನು. ಆ ಕೋಣೆಗೆ ಬೇರೆ ತರಹದ ಸಾಕೆಟ್ ಹಾಕಬೇಕಿತ್ತು. ಎಲ್ಲ ಕಡೆ ಒಂದೇ ತರಹ ಹಾಕಿದೆ. ನೂರಕ್ಕೂ ಅದೇ ತೂತು, ಇನ್ನೂರ ಮೂವತ್ತಕ್ಕೂ ಅದೇ ತೂತು. ಕೈಗೆ ಹೇಗೆ ಗೊತ್ತಾಗತ್ತೆ?” ಎಂದು ಅವಳ ಪಕ್ಕದಲ್ಲಿ ಕೂತ. “ನಂಗೆ ಪೆಟ್ಟಿಗೆದಲ್ಲ ಕಣೇ ಚಿಂತೆ. ಅವನು ಕೈ ಇಟ್ಟಿದ್ನಂತಲ್ಲ. ಅವನಾಗೇ ಇಟ್ಟಿದ್ನಂತಲ್ಲ.” ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಹೊರದೇಶದಿಂದ ಅಮ್ಮ, “ಯಾಕ್ರೋ, ಯಾರೂ ಮಾತಾಡ್ತಿಲ್ಲ?” ಎಂದು ಕೂಗಿದಳು.

ಮರುದಿನ ಅಂಗಡಿಯಲ್ಲಿ ಬೇರೆ ಕೆಲಸವೆಲ್ಲ ಪಕ್ಕಕ್ಕೆ ತಳ್ಳಿ ಪೆಟ್ಟಿಗೆ ಬಿಚ್ಚಿದ. ಒಳಗಿನ ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ದೊಡ್ಡ ಕೆಪಾಸಿಟರ್ ಒಂದು ತಲೆ ಒಡೆದುಕೊಂಡಿತ್ತು. ಅದರ ಪಕ್ಕದ ರೆಗ್ಯುಲೇಟರ್, ಎಂದರೆ ಹೆಚ್ಚಿನ ವೋಲ್ಟನ್ನು ತಡೆದು ಹಿಡಿಯುವ ಮೂರು ಕಾಲಿನ ಸಣ್ಣ ತುಂಡು, ತಾನು ಸತ್ತು ಮುಂದಿನ ಚಿಪ್ಪುಗಳನ್ನೆಲ್ಲ ಉಳಿಸಿತ್ತು. ನೂರಪ್ಪನಿಗೆ ಜೀವ ಬಂದ ಹಾಗಾಯಿತು. ಟ್ರಾನ್ಸ್‌ಫಾರ್ಮರ್ ಸುತ್ತುವುದು ಅವನಿಗೆ ಹೊಸದೇ? ಸುಟ್ಟ ತಂತಿ ಬಿಚ್ಚುತ್ತ ಹೋದ, ಬಿಚ್ಚುತ್ತ ಎಣಿಸಿದ. ಇದ್ದ ಹಾಗೇ, ಅಷ್ಟೇ ಸುತ್ತು, ಅಷ್ಟೇ ದಪ್ಪದ ತಂತಿ. ಮತ್ತೆ ನೂರು ವೋಲ್ಟಿಗೇ. ಅಣ್ಣನ ಮನೆಗೆ ನಡುವೆ ಇಡಲು ಇನ್ನೊಂದು ಸಣ್ಣದನ್ನು ಸುತ್ತಿಕೊಟ್ಟರಾಯಿತು ಎಂದು ಲೆಕ್ಕ ಹಾಕಿದ.

ಅಷ್ಟರಲ್ಲಿ ಅತ್ತಿಗೆ ಅಂಗಡಿಗೆ ಬಂದಳು. ನಡುವೆ ಇಡುವ ಟ್ರಾನ್ಸ್‌ಫಾರ್ಮರಿನ ಮಾತು ಇವನು ಎತ್ತಿದ್ದೇ ತಡ, ಎರಡೂ ಕೈ ಅಡ್ಡ ಆಡಿಸಿದಳು.

“ಬೇಡಪ್ಪ. ನಾನು ಒಬ್ಬಳೇ ಇರ್ತೀನಿ. ಔಷಧಿ ನೋಡ್ಲಾ, ಅವರನ್ನ ಎಬ್ಬಿಸಿ ಕೂರಿಸ್ಲಾ, ಯಾವ ವೈರು ಯಾವುದಕ್ಕೆ ಅಂತ ನೋಡ್ಲಾ? ನಿನ್ನ ಹೆಂಡತಿಯಂಥವಳೇ ಮರೆತಳು. ನಾನು ಮರೆಯಲ್ವಾ? ಇನ್ನೊಂದು ಸಲ ಅದು ಅವರ ಕಣ್ಣ ಮುಂದೆ ಸುಟ್ಟರೆ ಅವರು ಮತ್ತೆ ಏಳಲ್ಲ. ಬೇಡವೇ ಬೇಡ.”

“ಅತ್ತಿಗೆ, ಅದು ಏನೂ ಕಷ್ಟ ಇಲ್ಲ.”

“ನಿಂಗೆ ಇಲ್ಲ,” ಎಂದಳು ಅತ್ತಿಗೆ.

ಅವಳು ಹೋದ ಮೇಲೆ ನೂರಪ್ಪ ಬಹಳ ಹೊತ್ತು ತಂತಿ ಬಿಚ್ಚಿದ ಖಾಲಿ ಚೌಕಟ್ಟನ್ನು ಕೈಯಲ್ಲಿ ಹಿಡಿದು ಕೂತಿದ್ದ. ಅದೇ ಚೌಕಟ್ಟಿಗೆ ಇನ್ನೂ ಸಣ್ಣ ತಂತಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ಸುತ್ತು ಹಾಕಿದರೆ ಪೆಟ್ಟಿಗೆ ನಮ್ಮ ಗೋಡೆಯ ಕರೆಂಟನ್ನೇ ಸೀದಾ ತಿನ್ನುತ್ತದೆ. ಯಾರು ಯಾವ ಮನೆಯಲ್ಲಿ ಚುಚ್ಚಿದರೂ ಸುಡುವುದಿಲ್ಲ. ಜಾಗವೂ ಸಾಲುತ್ತದೆ. ಮಾಡಲು ಬರುವುದಿಲ್ಲವೆಂದಲ್ಲ, ಇಷ್ಟು ವರ್ಷ ಬೇರೆಯವರಿಗೆ ಮಾಡಿಕೊಡದೆ ಬೈದು ಕಳಿಸಿದ ಕೆಲಸವದು. ಅದೂ ಯಾವ ಪೆಟ್ಟಿಗೆಗೆ? ಅಣ್ಣ ಅಂಗಿಗಳ ನಡುವೆ ಸುತ್ತಿ ತಂದ ಪೆಟ್ಟಿಗೆಗೆ. ಒಮ್ಮೆ ಹಾಗೆ ಸುತ್ತಿದರೆ ಅದು ಇನ್ನು ಹೊರದೇಶದಲ್ಲಿ ಓಡುವುದಿಲ್ಲ. ನೂರು ವೋಲ್ಟು ಅದಕ್ಕೆ ಸಾಲುವುದೇ ಇಲ್ಲ. ಯಾವುದಕ್ಕೋಸ್ಕರ ಒಂದು ಕೋಣೆಯನ್ನೇ ಕಟ್ಟಿದನೋ ಅದಕ್ಕೇ ಆ ಕೋಣೆ ದಂಡವಾಗುತ್ತದೆ. ಬೀಗದ ಕೈ ಮಾಡುವವನು ಇಣುಕಿ, “ಏನ್ ನೂರಪ್ಪ, ಟೀ ಕುಡಿಯಲ್ವಾ?” ಎಂದು ಕೇಳಿದ. ನೂರಪ್ಪನಿಗೆ ಕೇಳಿಸಲೇ ಇಲ್ಲ.

ಕೊನೆಗೆ ಎದ್ದು ಸಣ್ಣ ತಂತಿಯ ಉರುಳೆಯನ್ನು ಕೆಳಗಿಳಿಸಿದ. ತನಗೆ ತಾನೇ ಒಂದು ಬೈಗುಳ ಬೈದುಕೊಂಡು, ಎಣಿಸಲು ಶುರುಮಾಡಿದ.

ಅಣ್ಣನ ಮನೆಗೆ ಹೋಗುವ ದಿನ ಹೆಂಡತಿಯೂ ಬಂದಳು. ಪ್ಲಗ್ಗು ಮುಟ್ಟುವುದಿಲ್ಲವೆಂದು ಕೈ ಕಟ್ಟಿಕೊಂಡು ದೂರ ನಿಂತಳು. ಅತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಂದು ಕಣ್ಣಿನಲ್ಲಿ ನೋಡುತ್ತಿದ್ದಳು, ಬಾಂಬಿಗೆ ಬತ್ತಿ ಹಚ್ಚುತ್ತಿದ್ದಾರೇನೋ ಎಂಬಂತೆ. ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

“ನಡುವೆ ಏನೂ ಇಟ್ಟಿಲ್ಲ ನೀನು,” ಎಂದ ತಿರುಗದೆಯೇ. ಪಕ್ಕದ ಗಾಜಿನ ಕಪಾಟಿನಲ್ಲಿ ಎಲ್ಲ ಕಾಣಿಸುತ್ತಿರಬೇಕು. “ಮತ್ತೆ ಸುಡತ್ತೆ.”

“ಸುಡಲ್ಲ. ಒಳಗೇ ಬದಲಾಯಿಸಿದೀನಿ.”

ಅಣ್ಣ ಕಷ್ಟಪಟ್ಟು ಈ ಕಡೆ ಹೊರಳಿದ. “ನೀನು? ಇದರ ಒಳಗೆ ಕೈ ಹಾಕಿದ್ಯಾ?”

“ಹೂಂ.”

“ಹಾಗಾದ್ರೆ ಅಲ್ಲಿ?”

“ಅಲ್ಲಿ ಇನ್ನು ಓಡಲ್ಲ. ಇಲ್ಲೇ ಇರಲಿ.”

ನೂರಪ್ಪ ಸ್ವಿಚ್ಚು ಹಾಕಿದ. ಪರದೆಯ ಮೇಲೆ ಎರಡು ಕಾರುಗಳು, ಒಂದರ ಕೆಳಗೊಂದು, ಗೆರೆಯ ಮೇಲೆ ಬಂದು ನಿಂತವು. ಅಣ್ಣ ಎದ್ದು ಕೂತು, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿಯ ಮೇಲಿಟ್ಟುಕೊಂಡ. ಹಸಿರು ದೀಪ ಬಂತು. ನೂರಪ್ಪನ ಕಾರು ಹೊರಟಿತು. ಅಣ್ಣನದು ನಿಂತಲ್ಲೇ ನಿಂತಿತ್ತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು, ನಡುಗುತ್ತಲೂ ಇತ್ತು, ಒತ್ತಲು ಮಾತ್ರ ಬಲವಿರಲಿಲ್ಲ. ಅಣ್ಣನ ಹಣೆಯಲ್ಲಿ ಬೆವರು ಮೂಡಿತು. ತಮ್ಮನ ಕಾರು ಒಂದು ಸುತ್ತು ಮುಗಿಸಿ ಬಂದು ನಿಂತ ಕಾರನ್ನು ದಾಟಿ ಹೋಯಿತು. ಅಣ್ಣ ಹಿಡಿಯನ್ನು ಹಾಸಿಗೆಯ ಮೇಲೆ ಹಾಕಿದ.

“ಒಂದು ಕೆಲಸ ಮಾಡು,” ಎಂದ. ಅವನ ದನಿ ಅಷ್ಟು ಮೆತ್ತಗಾದುದನ್ನು ನೂರಪ್ಪ ಜನ್ಮದಲ್ಲಿ ಕೇಳಿರಲಿಲ್ಲ. “ಹೆಂಗೂ ಬಿಚ್ಚಿದೀಯ, ಬದಲಾಯಿಸಿದೀಯ. ಈ ಗುಂಡೀನೂ ಎಡಗಡೆಗೆ ಹಾಕಿಕೊಡು. ಎರಡು ವೈರಿನ ಕೆಲಸ ಅಲ್ವೇನೋ. ಎಡಗೈಯಲ್ಲೇ ಎಲ್ಲ ಆಡ್ತೀನಿ.”

ಎರಡು ವೈರಿನ ಕೆಲಸವೇ. ಟೀ ಆರುವುದರೊಳಗೆ ಮಾಡಿಬಿಡಬಹುದು. ಬೆಸುಗೆ ಹಾಕುವ ಸಾಮಾನೆಲ್ಲ ಚೀಲದಲ್ಲೇ ಇತ್ತು. ಅಣ್ಣ ಅವನನ್ನು ಏನನ್ನೂ ಕೇಳಿದವನಲ್ಲ, ಯಾವಾಗಲೂ ಕೊಟ್ಟವನು. ಹೆಂಡತಿ ಮಾಡಿಕೊಡಿ ಎಂಬಂತೆ ಕಣ್ಣಲ್ಲೇ ಹೇಳಿದಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಆಗಲ್ಲ,” ಎಂದ ನೂರಪ್ಪ.

“ಏನು?”

“ಅದು ಬಲಗೈದೇ. ಬಲಗೈಗೇ ಇರಲಿ.”

“ಕರೆಂಟಿಗೋಸ್ಕರ ಅದರ ಹೊಟ್ಟೆ ಕೊಯ್ದೆ. ನಂಗೋಸ್ಕರ ಒಂದು ಗುಂಡಿ ಆಗಲ್ವಾ ನಿಂಗೆ?”

“ಆಗಲ್ಲ ಅಣ್ಣ. ಇದನ್ನ ಮಾಡಿಕೊಟ್ರೆ ಆ ಕೈ ಹೋಗತ್ತೆ. ನೀನು ಬೈದ್ರೂ ಸರಿ, ಮಾತು ಬಿಟ್ರೂ ಸರಿ.”

ಅಣ್ಣ ಬೈಯಲಿಲ್ಲ. ಅದೇ ಕೆಟ್ಟದ್ದು. “ಹೋಗು,” ಎಂದು ಮಲಗಿದ. ಮೂರು ಮಹಡಿ ಇಳಿದು ಬೀದಿಗೆ ಬಂದ ಮೇಲೆ ಹೆಂಡತಿ, “ಅಷ್ಟು ಗಟ್ಟಿ ಮನಸ್ಸು ಎಲ್ಲಿಂದ ಬಂತು ನಿಮಗೆ?” ಎಂದು ಕೇಳಿದಳು. ನೂರಪ್ಪನಿಗೆ ಗಟ್ಟಿ ಮನಸ್ಸೂ ಇರಲಿಲ್ಲ, ಮಣ್ಣೂ ಇರಲಿಲ್ಲ. ತಾನು ಮಾಡಿದ್ದು ಸರಿಯೋ, ಹಾಸಿಗೆ ಹಿಡಿದವನ ಮೇಲೆ ಹಟ ಸಾಧಿಸಿದೆನೋ ಎಂದು ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಅದಾದ ಮೇಲೆ ಅವನು ಎರಡು ಮೂರು ಸಲ ಹೋದ. ಅಣ್ಣ ಮುಖ ಕೊಡಲಿಲ್ಲ. ಪೆಟ್ಟಿಗೆ ಟಿವಿಯ ಕೆಳಗೆ ಇಟ್ಟ ಹಾಗೇ ಇತ್ತು, ಅದರ ಮೇಲೊಂದು ಟವೆಲ್ ಬಿದ್ದಿತ್ತು. ಗುಂಡಿ ಬದಲಾಯಿಸಿ ಕೊಟ್ಟುಬಿಡೋಣವೇ ಎಂದು ಒಂದು ಸಲ ಬೆಸುಗೆ ಸಾಮಾನು ತೆಗೆದುಕೊಂಡೇ ಹೊರಟಿದ್ದ, ಅರ್ಧ ದಾರಿಯಿಂದ ವಾಪಸ್ಸು ಬಂದ. ಅಂಗಡಿಯಲ್ಲಿ ಎಣಿಕೆ ತಪ್ಪತೊಡಗಿತು. ಒಂದು ಪಂಪಿನ ಮೋಟಾರನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಗಿರಾಕಿಯೇ ಅಯ್ಯೋ ಪಾಪ ಎನ್ನುವ ಹಾಗಾಯಿತು.

ಒಂದು ದಿನ ಅತ್ತಿಗೆ ಕೈಯಲ್ಲಿ ಚೀಲ ಹಿಡಿದು ಅಂಗಡಿಯ ಮುಂದೆ ಬಂದು ನಿಂತಳು. ಮುಖ ಸಿಡಿಸಿಡಿ ಎನ್ನುತ್ತಿತ್ತು.

“ನಿಮ್ಮಣ್ಣಂಗೆ ಏನಾಗಿದೆ ಅಂತ ಗೊತ್ತಾಗ್ತಿಲ್ಲ ಕಣಪ್ಪ. ದಿನಾ ಬೆಳಿಗ್ಗೆ ನನ್ನನ್ನ ಅಂಗಡಿಗೆ ಅಟ್ಟುತ್ತಾರೆ. ಆಲೂಗಡ್ಡೆ ತಾ ಅಂತಾರೆ. ನಿನ್ನೆ ತಂದಿದ್ದೇ ಇದೆ ಅಂದ್ರೆ, ಇನ್ನಷ್ಟು ತಾ ಅಂತಾರೆ. ಮನೆ ತುಂಬ ಆಲೂಗಡ್ಡೆ. ಬೇಗ ಬಂದ್ರೆ 'ಯಾಕಿಷ್ಟು ಬೇಗ ಬಂದೆ' ಅಂತ ರೇಗ್ತಾರೆ. ನನ್ನ ಮುಖ ಕಂಡ್ರೆ ಆಗಲ್ಲ ಅಂತಾಗಿದೆ ಅವರಿಗೆ.” ಅವಳ ಕಣ್ಣು ತುಂಬಿ ಬಂತು. “ಒಂದು ಸಲ ನೀನು ಬಂದು ಮಾತಾಡು.”

ಮರುದಿನ ಬೆಳಿಗ್ಗೆ ನೂರಪ್ಪ ಅಂಗಡಿ ತೆಗೆಯದೆ ಸೀದಾ ಹೋದ. ಅಣ್ಣ ಬೈದರೆ ಬೈಯಲಿ, ಇವತ್ತು ಒಂದು ತೀರ್ಮಾನವಾಗಲಿ ಎಂದು ಮೆಟ್ಟಿಲು ಹತ್ತಿದ. ಎರಡನೇ ಮಹಡಿ ದಾಟಿ ತಿರುವಿನಲ್ಲಿ ಕಾಲು ಎತ್ತಿದವನು ಹಾಗೇ ನಿಂತ. ಮೇಲಿನ ಬಾಗಿಲ ಹಿಂದಿನಿಂದ ಸದ್ದು ಬರುತ್ತಿತ್ತು. ಗುರ್ ಎಂದು ಶುರುವಾಗಿ, ಕೆಮ್ಮಿ, ನಿಂತುಹೋಗುತ್ತಿತ್ತು. ಮತ್ತೆ ಗುರ್ ಎನ್ನುತ್ತಿತ್ತು. ಆಟದ ಕಾರಿನ ಎಂಜಿನ್ ಸದ್ದದು. ಗುಂಡಿ ಒತ್ತಿದರೆ ಮಾತ್ರ ಬರುವ ಸದ್ದು.

ನೂರಪ್ಪ ಎರಡು ಮೆಟ್ಟಿಲು ಓಡಿ ಹತ್ತಿದ. ಕೂಡಲೇ ತನ್ನನ್ನು ತಾನೇ ಗದರಿಸಿಕೊಂಡ. ಹಿಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದಲೇ ಒತ್ತುತ್ತಿರಬಹುದು, ಅದೇನು ಮಹಾ. ಯಾರು ಬೇಕಾದರೂ ಒತ್ತಬಹುದು. ಮೆಟ್ಟಿಲ ಮೇಲೆ ಕೂತ. ಸದ್ದು ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ, ಏರುತ್ತ ಹೋಯಿತು. ಆ ದಾರಿ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಇಷ್ಟು ಹೊತ್ತು ನೆಟ್ಟಗೆ, ಆಮೇಲೆ ಬಲಕ್ಕೆ ದೊಡ್ಡ ತಿರುವು. ಗುಂಡಿ ಬಿಟ್ಟರೆ ಕಾರು ಅಲ್ಲೇ ಮೆಲ್ಲಗೆ ನಿಲ್ಲುತ್ತದೆ, ತಿರುಗಿಸದಿದ್ದರೆ ಬೇಲಿಗೆ ಹೋಗಿ ಗುದ್ದುತ್ತದೆ. ಗುಂಡಿಯನ್ನೂ ಒತ್ತಿ ಹಿಡಿದು, ಅದೇ ಹೊತ್ತಿಗೆ ತಿರುಗಿಸಿದರೆ ಮಾತ್ರ ಚಕ್ರಗಳು ಕಿರುಚುತ್ತವೆ.

ಕೆಳಗಿನಿಂದ ಅತ್ತಿಗೆ ಏದುಸಿರು ಬಿಡುತ್ತ ಹತ್ತಿ ಬಂದಳು, ಕೈಯಲ್ಲಿ ಆಲೂಗಡ್ಡೆಯ ಚೀಲ. “ಇದೇನು ಇಲ್ಲಿ ಕೂತಿದೀಯ? ಬಾಗಿಲು ತೆಗೀಲಿಲ್ವಾ?” ಎಂದು ಬಾಯಿ ತೆರೆದಳು. ನೂರಪ್ಪ ತುಟಿಯ ಮೇಲೆ ಬೆರಳಿಟ್ಟ.

ಒಳಗೆ ಚಕ್ರಗಳು ಕಿರುಚಿದವು. ಉದ್ದಕ್ಕೆ, ತಿರುವಿನ ಕೊನೆಯವರೆಗೂ.

ನೂರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ಅತ್ತಿಗೆಗೆ ಗಾಬರಿಯಾಯಿತು. “ಏನಾಯ್ತೋ? ಯಾಕೋ ಅಳ್ತಿದೀಯ?”

“ಅದು ಒಂದು ಕೈಯಲ್ಲಿ ಬರಲ್ಲ, ಅತ್ತಿಗೆ,” ಎಂದ.

ಅತ್ತಿಗೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಅವನ ಪಕ್ಕದಲ್ಲಿ ಕೂತಳು, ಚೀಲವನ್ನು ಸದ್ದಾಗದ ಹಾಗೆ ಮಡಿಲಲ್ಲಿಟ್ಟುಕೊಂಡಳು. ಒಳಗೆ ಕಾರು ಎಲ್ಲೋ ಗುದ್ದಿತು, ಅಣ್ಣ ಅದಕ್ಕೊಂದು ಬೈಗುಳ ಬೈದ, ಮತ್ತೆ ಗುರ್ ಎಂದಿತು. ಇಬ್ಬರೂ ಹೋಗಿ ಬಾಗಿಲು ತಟ್ಟಲಿಲ್ಲ.